ಆಮ್ರಖಂಡಕ್ಕೆ ಗಡಿಬಿಡಿ ನಡೆಯಲ್ಲ

ಒಲೆ ಹಚ್ಚದೆ ಮಾವಿನ ಸಿಹಿ ಮಾಡಿ ಅಂದರೆ ಈಗಿನವರು ಬಿಸ್ಕಿಟ್ ಪುಡಿ ಮಾಡುತ್ತಾರೆ, ಅದರ ಮೇಲೆ ಡಬ್ಬಿಯ ಕ್ರೀಮ್ ಸುರಿಯುತ್ತಾರೆ, ಜೆಲ್ಲಿ ಪುಡಿ ಕಲಸಿ ಫ್ರಿಜ್ಜಿಗೆ ತಳ್ಳುತ್ತಾರೆ. ಮಾಡಲಿ, ಬೇಡ ಅನ್ನಲ್ಲ. ಆದರೆ ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರು ಆಮ್ರಖಂಡ, ಅಂದರೆ ಮಾವಿನ ಶ್ರೀಖಂಡ, ಮಾಡಲು ಹೋಗಿ ಹಳದಿ ಲಸ್ಸಿ ಮಾಡಿಟ್ಟರೆ ನನಗೆ ತಡೆಯಲು ಆಗುವುದಿಲ್ಲ. ಪೂರಿಯಲ್ಲಿ ಎತ್ತಿದರೆ ನಿಲ್ಲಬೇಕು, ಮೊಣಕೈವರೆಗೆ ಸೋರಬಾರದು.

ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಕಾಕು, ಹಣ್ಣು ನೀರು ಬಿಡ್ತು ನೋಡ್ರಿ." ಹಣ್ಣಿನ ಮೇಲೆ ಯಾಕೆ ಹಾಕುತ್ತೀಯ ತಂಗಿ? ನೀನು ಮೊಸರಿನ ನೀರು ತೆಗೆದಿಲ್ಲ. ಟಿಶ್ಯೂ ಕಾಗದದ ಮೇಲೆ ಅರ್ಧ ತಾಸು ಮೊಸರು ಹರಡಿ, ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು, ಆಯಿತು ಅಂದುಕೊಂಡೆ. ಆಮೇಲೆ ಸಕ್ಕರೆ ಹಾಕಿದೆ. ಸಕ್ಕರೆ ಒಳಗಿದ್ದ ನೀರನ್ನೆಲ್ಲ ಎಳೆದು ಹೊರಗೆ ಹಾಕಿತು. ಅದರ ಮೇಲೆ ಮಾವಿನ ರಸ ಬೇರೆ. ಇನ್ನೇನಾಗುತ್ತದೆ?

ಮೊದಲು ಮೊಸರು. ಎಮ್ಮೆ ಹಾಲಿನದೇ ಆಗಬೇಕು. ಆಕಳ ಹಾಲಿನ ಮೊಸರಲ್ಲಿ ಕೊಬ್ಬು ಕಡಿಮೆ, ಕಟ್ಟಿದರೆ ಮುಷ್ಟಿಯಷ್ಟು ಉಳಿಯುತ್ತದೆ, ಅದೂ ಪುಡಿಪುಡಿ. ಹಾಲು ಚೆನ್ನಾಗಿ ಕುದಿಸಿ, ಬೆರಳು ಇಟ್ಟರೆ ಹಿತವಾಗಿ ಬೆಚ್ಚಗೆ ಅನ್ನಿಸುವಾಗ ಹೆಪ್ಪು ಹಾಕಿ. ಹೆಪ್ಪು ಜಾಸ್ತಿ ಬೇಡ, ಬೇಸಿಗೆಯಲ್ಲಂತೂ ಚಮಚದ ತುದಿಯಷ್ಟು ಸಾಕು. ಕೆನೆ ತೆಗೆಯಬೇಡಿ. ಕೆನೆ ತೆಗೆದು ತುಪ್ಪಕ್ಕೆ ಇಟ್ಟುಕೊಂಡು, ಉಳಿದ ಹಾಲಿನ ಮೊಸರಲ್ಲಿ ಆಮ್ರಖಂಡ ಮಾಡುವ ಜಾಣೆಯರನ್ನೂ ನೋಡಿದ್ದೇನೆ. ಪ್ಯಾಕೆಟ್ ಮೊಸರೂ ನಡೆಯುತ್ತದೆ, ಆದರೆ ದಪ್ಪ ಇರುವುದನ್ನು ತನ್ನಿ, ಕೊಬ್ಬು ತೆಗೆದದ್ದು ಬೇಡ. ಮೊಸರು ಹೆಪ್ಪಾದ ಕೂಡಲೇ ಕಟ್ಟಬೇಕು. ನಿನ್ನೆ ಮೊನ್ನೆಯ ಹುಳಿ ಮೊಸರು ಖರ್ಚು ಮಾಡಲು ಇದಲ್ಲ ಜಾಗ, ಅದಕ್ಕೆ ಮಜ್ಜಿಗೆ ಸಾರು ಇದೆ.

ಈಗ ಕಟ್ಟುವ ವಿಷಯ. ಇಲ್ಲಿ ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ.

ಅರಿವೆ ಹಳೆಯ ಧೋತರದ್ದು ಬೇಕು. ತೊಳೆದು ತೊಳೆದು ಮೆತ್ತಗಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ಈಗ ಮನೆಯಲ್ಲಿ ಧೋತರ ಉಡುವವರೇ ಇಲ್ಲ ಅಂದರೆ ಮಲ್‌ಮಲ್ ಬಟ್ಟೆ ತನ್ನಿ, ಬಿಸಿನೀರಲ್ಲಿ ಹಾಕಿ ಅದರ ಗಂಜಿ ಪೂರ್ತಿ ಹೋಗುವವರೆಗೆ ತೊಳೆಯಿರಿ. ಸೋಪಿನ ಪುಡಿ, ವಾಸನೆಯ ದ್ರಾವಣ ಯಾವುದೂ ಆ ಬಟ್ಟೆಯ ಹತ್ತಿರ ಬರಕೂಡದು. ಮೊಸರು ವಾಸನೆಯನ್ನು ಎಷ್ಟು ಬೇಗ ಹಿಡಿಯುತ್ತದೆ ಅಂದರೆ, ಒಂದು ಮನೆಯಲ್ಲಿ ಮಲ್ಲಿಗೆ ವಾಸನೆಯ ಶ್ರೀಖಂಡ ತಿಂದು ಬಂದೆ. ಅವರು ಬೇಕೆಂದೇ ಹಾಕಿದ್ದಾರೆ ಅಂದುಕೊಂಡೆ. ವಿಚಾರಿಸಿದರೆ ವಾಶಿಂಗ್ ಮಶೀನಿನ ಕರಾಮತ್ತು.

ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ. ಒಣ ಬಟ್ಟೆಗೆ ಹಾಕಿದರೆ ಮೊಸರು ನೂಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಕೆರೆದು ಕೆರೆದು ಅರ್ಧ ಬಟ್ಟೆಗೇ ಹೋಗುತ್ತದೆ. ಹಿಂಡಿದ ಬಟ್ಟೆಯನ್ನು ಜರಡಿಯ ಮೇಲೆ ಹಾಸಿ, ಕೆಳಗೆ ಬೋಗೋಣಿ ಇಡಿ. ಮೊಸರನ್ನು ಕಲಕಬೇಡಿ, ಸೌಟು ಹಾಕಿ ತಿರುವಬೇಡಿ. ಚಪ್ಪಟೆ ಸೌಟಿನಲ್ಲಿ ಹೆಂಟೆ ಹೆಂಟೆಯಾಗಿ ಎತ್ತಿ ಮೆಲ್ಲಗೆ ಜಾರಿಸಿ. ಒಡೆದ ಮೊಸರು ನೀರಿನ ಜೊತೆ ಬಟ್ಟೆಯ ಕಣ್ಣಿಂದ ಕೆಳಗಿಳಿಯುತ್ತದೆ. ಕೆಳಗೆ ಬಿದ್ದ ನೀರು ತಿಳಿಯಾಗಿ, ಸ್ವಲ್ಪ ಹಸಿರು ಛಾಯೆಯಲ್ಲಿ ಇದ್ದರೆ ನೀವು ಸರಿಯಾಗಿ ಮಾಡಿದ್ದೀರಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಕೈ ಜೋರು ಮಾಡಿದ್ದೀರಿ.

ಕಾಲು ತಾಸು ಹಾಗೇ ಬಿಡಿ. ತನ್ನ ಭಾರಕ್ಕೆ ತಾನೇ ನೀರು ಇಳಿಸಿಕೊಳ್ಳುತ್ತದೆ. ಆಮೇಲೆ ಮೂರು ಮೂಲೆ ಸೇರಿಸಿ, ನಾಲ್ಕನೇ ಮೂಲೆಯಿಂದ ಅವುಗಳ ಕುತ್ತಿಗೆ ಸುತ್ತಿ ಗಂಟು ಹಾಕಿ ತೂಗುಹಾಕಿ. ಹಿಂಡಬೇಡಿ. ಈ ಹಂತದಲ್ಲಿ ಹಿಂಡುವುದು ಎಲ್ಲರಿಗೂ ಇರುವ ಚಟ.

ನಮ್ಮ ಅತ್ತೆಯ ಶಹಾಪುರದ ಮನೆಯಲ್ಲಿ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಮನೆಯಲ್ಲಿ ಕೂಸು ಇಲ್ಲದ ವರ್ಷ ಆ ಕೊಂಡಿಗೆ ಮೊಸರಿನ ಗಂಟು ಬೀಳುತ್ತಿತ್ತು. ಕೆಳಗೆ ಕಲಾಯಿ ಹಾಕಿಸಿದ ಬೋಗೋಣಿ. ಅತ್ತೆ ಕೆಲಸದ ನಡುವೆ ಬಂದು ಗಂಟಿನ ತಳಕ್ಕೆ ಅಂಗೈಯ ಹಿಂಬದಿ ತಾಗಿಸಿ ನೋಡುತ್ತಿದ್ದರು. ಒದ್ದೆ ಹತ್ತಿದರೆ "ಇನ್ನೂ ಅಳಾಕತ್ತೈತಿ, ಬಿಡು" ಅಂತ ಹೋಗಿಬಿಡುತ್ತಿದ್ದರು. ಅವರು ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ಮೊದಲು ಧಾರೆಯಾಗಿ ಇಳಿಯುತ್ತದೆ, ಆಮೇಲೆ ಹನಿ. ಒಂದು ಹನಿ ಬಿದ್ದು ಮತ್ತೊಂದು ಬೀಳುವಷ್ಟರಲ್ಲಿ ನಿಧಾನವಾಗಿ ಹತ್ತು ಎಣಿಸಬಹುದು ಅಂದಾಗ ಗಂಟು ಇಳಿಸಿ. ಇಲ್ಲಿಗೆ ಮುಗಿಯಿತು ಅಂತ ತಿಳಿಯುವವರದೇ ಆಮ್ರಖಂಡ ಕೆಡುವುದು. ಬಿಚ್ಚಿ ನೋಡಿ. ಬಟ್ಟೆಗೆ ತಾಗಿದ ಕಡೆ ಗಟ್ಟಿಯಾಗಿ ಪದರ ಕಟ್ಟಿರುತ್ತದೆ. ಆ ಪದರವೇ ಗೋಡೆಯಾಗಿ ನಿಂತು ನಡುವಿನ ನೀರನ್ನು ಹೊರಗೆ ಬಿಡುವುದಿಲ್ಲ. ಬೆರಳು ತೂರಿಸಿದರೆ ಒಳಗೆ ಇನ್ನೂ ಮೊಸರೇ. ಅದಕ್ಕೆ ಚಮಚದ ಬೆನ್ನಿಂದ ಅಂಚಿನ ಗಟ್ಟಿ ಪದರವನ್ನು ಬಿಡಿಸಿ ನಡುವಿಗೆ ತನ್ನಿ, ನಡುವಿನ ಮೆತ್ತನೆಯದನ್ನು ಹೊರಗೆ ತಳ್ಳಿ. ಒಳಗಿನದು ಹೊರಗೆ, ಹೊರಗಿನದು ಒಳಗೆ. ಬಟ್ಟೆಯನ್ನು ಬರಿ ನೀರಲ್ಲಿ ಜಾಲಿಸಿ, ಮತ್ತೆ ಹಿಂಡಿ, ಮತ್ತೆ ಕಟ್ಟಿ. ಈ ಸಲ ತೂಗುಹಾಕಬೇಡಿ. ಜರಡಿಯಲ್ಲಿ ಗಂಟು ಇಟ್ಟು, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು ಪೂರ್ತಿ ಸರಂಜಾಮನ್ನು ಫ್ರಿಜ್ಜಿಗೆ ಸೇರಿಸಿ ಮಲಗಿಕೊಳ್ಳಿ. ಬೆಳಿಗ್ಗೆ ತೆಗೆದಾಗ ಮತ್ತೆ ಒಂದು ಲೋಟದಷ್ಟು ನೀರು ಕೆಳಗಿರುತ್ತದೆ. ಅಷ್ಟು ನೀರು ನಿಮ್ಮ ಬಟ್ಟಲಿಗೆ ಬರುವುದರಲ್ಲಿತ್ತು, ನೆನಪಿರಲಿ.

ಹೊರಗೆ ತೂಗುಹಾಕುವ ಹೊತ್ತು ಊರಿನ ಮೇಲೆ ಹೋಗುತ್ತದೆ. ನಮ್ಮ ಬೆಳಗಾವಿಯಲ್ಲಿ ಏಪ್ರಿಲ್‌ನಲ್ಲೂ ಸಂಜೆ ತಂಪು, ಅಡ್ಡಮಳೆ ಬಂದರಂತೂ ಕೇಳುವುದೇ ಬೇಡ. ಎರಡು ಮೂರು ತಾಸು ಧಾರಾಳವಾಗಿ ತಡೆಯುತ್ತದೆ. ವಿಜಯಪುರದ ಬಿಸಿಲಿನಲ್ಲಿ ಅಷ್ಟು ಹೊತ್ತು ಬಿಟ್ಟರೆ ಹಲ್ಲು ಚಳಿಯುವಷ್ಟು ಹುಳಿ ಬರುತ್ತದೆ. ಅಲ್ಲಿಯವರು ಧಾರೆ ನಿಂತ ಕೂಡಲೇ ಫ್ರಿಜ್ಜಿಗೆ ಇಡಿ. ಚಕ್ಕಾ ಆಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಹೆಬ್ಬೆರಳಿಂದ ಒತ್ತಿ. ಗುಂಡಿ ಹಾಗೇ ಉಳಿದು, ಬೆರಳು ಒಣಗಿಯೇ ಬರಬೇಕು. ಎರಡು ಲೀಟರ್ ಎಮ್ಮೆ ಮೊಸರಿಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಉಳಿಯುತ್ತದೆ. ಕಿಲೋ ದಾಟಿದರೆ ಖುಷಿಪಡಬೇಡಿ, ಅದು ನೀರಿನ ತೂಕ.

ಇಳಿದ ನೀರನ್ನು ಚೆಲ್ಲುವವರ ಕೈಗೆ ಎರಡು ಏಟು ಕೊಡಬೇಕು. ಚಪಾತಿ ಕಣಕ ಅದರಲ್ಲಿ ಕಲಸಿ, ಎಷ್ಟು ಮೆತ್ತಗೆ ಬರುತ್ತದೆ ನೋಡಿ. ಇನ್ನೂ ಉಳಿದರೆ ಚಿಟಿಕೆ ಉಪ್ಪು ಹಾಕಿ ತಾಮ್ರದ ಕೊಡ ತಿಕ್ಕಿ. ಹುಳಿಗೆ ಕಪ್ಪೆಲ್ಲ ಬಿಡುತ್ತದೆ. ಈಗಿನ ಹುಡುಗಿಯರು ತಾಮ್ರಕ್ಕೂ ಸ್ಟೀಲ್ ಜುಂಗು ಹಾಕಿ ಉಜ್ಜುತ್ತಾರೆ, ಗೀರು ಬಿದ್ದ ಮೇಲೆ "ಕೊಡ ಹಳೆಯದಾಯಿತು" ಅಂತ ಅಟ್ಟಕ್ಕೆ ಹಾಕುತ್ತಾರೆ. ಕೊಡ ಹಳೆಯದಾಗಲಿಲ್ಲ, ನೀವು ಕೆಡಿಸಿದಿರಿ. ತಿಕ್ಕಿದ ಕೂಡಲೇ ತೊಳೆದು ಒಣ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಹಸಿರು ಕಲೆ ಕೂರುತ್ತದೆ. ಅಂದ ಹಾಗೆ, ಮೊಸರನ್ನಾಗಲಿ ಆಮ್ರಖಂಡವನ್ನಾಗಲಿ ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯಲ್ಲಿ ಇಡಲೇಬೇಡಿ. ಕಿಲುಬು ಹೊಟ್ಟೆಗೆ ಹೋಗುತ್ತದೆ. ಸ್ಟೀಲ್ ಇಲ್ಲವೇ ಗಾಜು.

ಹಣ್ಣಿಗೆ ಬರೋಣ. ಆಪೂಸ್ ಸಿಕ್ಕರೆ ಆಪೂಸ್. ನಾರು ಇಲ್ಲ, ರಸ ಗಟ್ಟಿ. ರತ್ನಾಗಿರಿ, ಸಿಂಧುದುರ್ಗ ಸೇರಿ ಕೊಂಕಣ ಕಡೆಯ ಐದು ಜಿಲ್ಲೆಗಳ ಆಪೂಸಿಗೆ 2018ರಲ್ಲಿ ಜಿಐ ಗುರುತು, ಅಂದರೆ ಆ ಸೀಮೆಯದೇ ಹಣ್ಣು ಅನ್ನುವ ಸರಕಾರಿ ಮುದ್ರೆ, ಸಿಕ್ಕಿದೆ. ಹಾಗಂತ ನಮ್ಮ ಗಣಪತ ಗಲ್ಲಿಯ ಬಜಾರದಲ್ಲಿ ಪೆಟ್ಟಿಗೆಯ ಮೇಲೆ ಸಿಂಧುದುರ್ಗದ ದೇವಗಡ ಅಂತ ಬರೆದದ್ದೆಲ್ಲ ದೇವಗಡದಿಂದ ಬಂದದ್ದಲ್ಲ. ಅಕ್ಷರ ಓದಬೇಡಿ, ತೊಟ್ಟಿನ ಹತ್ತಿರ ಮೂಗು ಇಡಿ. ಧಾರವಾಡದ ಆಪೂಸ್ ಬಂತು ಅಂದರೆ ನಾನು ಅದನ್ನೇ ತರುತ್ತೇನೆ, ಅಷ್ಟೊಂದು ದುಡ್ಡು ಕೊಡುವ ಅಗತ್ಯ ಇಲ್ಲ. ಪಾಯರಿ ಹಣ್ಣಿನ ರಸ ತೆಳು, ಅದು ಸೀಕರಣೆಗೆ ಚೆನ್ನ, ಇದಕ್ಕೆ ಬೇಡ.

ಗಟ್ಟಿ ಕಾಯಿ ತಂದರೆ ಭತ್ತದ ಹುಲ್ಲಲ್ಲಿಟ್ಟು ಹಣ್ಣು ಮಾಡಿ. ಸಿಪ್ಪೆ ಎಲ್ಲ ಕಡೆ ಒಂದೇ ಸಮ ಹಳದಿಯಾಗಿ, ಒಳಗೆ ಹುಳಿ ಕಾಯಿ ಇದ್ದರೆ ಕಾರ್ಬೈಡ್ ಹಾಕಿರಬಹುದು. ಅದನ್ನು ಹಾಕಬಾರದು ಅಂತ ಕಾನೂನೇ ಇದೆ, ಆದರೂ ಹಾಕುವವರು ಹಾಕುತ್ತಾರೆ. ಕಾಯಿ ಇದ್ದಾಗ ಫ್ರಿಜ್ಜಿಗೆ ಇಡಬೇಡಿ, ಥಂಡಿಗೆ ಹಣ್ಣಾಗುವುದೇ ನಿಂತುಬಿಡುತ್ತದೆ. ಸಿಪ್ಪೆ ಸ್ವಲ್ಪ ಸುಕ್ಕು ಬಿದ್ದಾಗ ರುಚಿ ತುಂಬಿರುತ್ತದೆ. ಅದನ್ನೇ "ಹಣ್ಣು ಕೆಟ್ಟಿದೆ" ಅಂತ ಎಸೆಯುವ ಸೊಸೆಯರಿದ್ದಾರೆ, ಏನು ಹೇಳೋಣ. ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಮಾತ್ರ ಆಮ್ರಖಂಡದ ಆಸೆ ಬಿಡಿ. ಹಣ್ಣಿನಲ್ಲಿ ನೀರು ಇಳಿದಿರುತ್ತದೆ, ಹುಳವೂ ಇರುತ್ತದೆ.

ಹಣ್ಣನ್ನು ಒಂದು ತಾಸು ನೀರಲ್ಲಿ ನೆನೆಹಾಕಿ, ತೊಟ್ಟು ಕತ್ತರಿಸಿ ಸೊನೆಯ ಹನಿ ಹಿಂಡಿ ತೆಗೆಯಿರಿ. ಆಮೇಲೆ ಕತ್ತರಿಸಿ ನೋಡದೆ ಯಾವ ಹಣ್ಣನ್ನೂ ಪಾತ್ರೆಗೆ ಹಿಂಡಬೇಡಿ. ಆಪೂಸಿಗೆ ಒಂದು ರೋಗ ಇದೆ. ಮೇಲೆ ಚಿನ್ನದಂಥ ಬಣ್ಣ, ಒಳಗೆ ಓಟೆಯ ಸುತ್ತ ಬೆಳ್ಳಗೆ ಬೆಂಡು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅಂಥದ್ದೊಂದು ಬಿದ್ದರೆ ಪೂರ್ತಿ ರಸಕ್ಕೆ ವಿಚಿತ್ರ ಹುಳಿ ಬರುತ್ತದೆ. ಹೋಳು ಮಾಡಿ, ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ತಿರುಳು ತೆಗೆಯಿರಿ. ಹೂರಣ ಸೋಸುವ ಜರಡಿಯಲ್ಲಿ ಉಜ್ಜಿ ಇಳಿಸಿ. ಹನಿ ನೀರು ಬೇಡ, ಹಾಲು ಬೇಡ. ಮಿಕ್ಸಿ ಬೇಡವೇ ಬೇಡ, ಗಾಳಿ ತುಂಬಿ ನೊರೆ ಬರುತ್ತದೆ, ರಸ ತೆಳ್ಳಗೆ ಕಾಣುತ್ತದೆ.

ಇನ್ನು ಕಲಸುವುದು ದೊಡ್ಡ ಕೆಲಸವೇ ಅಲ್ಲ. ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿ. ಬರಿ ಶ್ರೀಖಂಡಕ್ಕಾದರೆ ಚಕ್ಕಾದಷ್ಟೇ ಸಕ್ಕರೆ ಹಾಕುವವರಿದ್ದಾರೆ, ಇದಕ್ಕೆ ಅದರ ಅರ್ಧದಿಂದ ಶುರು ಮಾಡಿ, ಹಣ್ಣಿನ ಸಿಹಿ ನೋಡಿಕೊಂಡು ಏರಿಸಿ. ಚಕ್ಕಾಕ್ಕೆ ಸಕ್ಕರೆ, ಒಂದು ಹರಳು ಉಪ್ಪು ಹಾಕಿ ಕೈಯಿಂದ ಕಲಸಿ ಅರ್ಧ ತಾಸು ಮುಚ್ಚಿಡಿ. ಸ್ವಲ್ಪ ಸಡಿಲಾಗುತ್ತದೆ, ಹೆದರಬೇಡಿ, ಚಕ್ಕಾ ಗಟ್ಟಿ ಇದ್ದರೆ ಅಷ್ಟಕ್ಕೇ ನಿಲ್ಲುತ್ತದೆ. ಆಮೇಲೆ ಅದೇ ಜರಡಿಯಲ್ಲಿ ಅಂಗೈಯಿಂದ ಉಜ್ಜಿ ಇಳಿಸಿ. ತೋಳು ನೋಯುತ್ತದೆ, ನೋಯಲಿ. ಕಾಳು ಕಾಳು ಇದ್ದರೆ ತಿನ್ನುವಾಗ ರವೆ ಸಿಕ್ಕಂತೆ ಆಗುತ್ತದೆ, ಅಲ್ವಾ? ಕೊನೆಗೆ ಮಾವಿನ ರಸ, ಸೌಟು ಸೌಟಾಗಿ. ಚಕ್ಕಾದ ಅರ್ಧದಷ್ಟು ರಸ ದಾಟಬೇಡಿ. ಬಣ್ಣ ಚೆನ್ನಾಗಿ ಬರಲಿ ಅಂತ ಸುಮ್ನೆ ಸುರಿಯುತ್ತಾ ಹೋದರೆ ರಾತ್ರಿಯ ಶ್ರಮವೆಲ್ಲ ವ್ಯರ್ಥ.

ಏಲಕ್ಕಿ ಒಂದೆರಡು ಕಾಯಿ, ಜಾಜಿಕಾಯಿ ಕಲ್ಲಿಗೆ ಎರಡು ಸುತ್ತು ತೇಯ್ದಷ್ಟು, ಮೇಲೆ ನಾಲ್ಕು ಚಾರೋಳಿ. ಕೇಸರಿ ಯಾಕೆ? ಒಳ್ಳೆ ಆಪೂಸ್ ಇದ್ದಾಗ ಕೇಸರಿ ಹಾಕುವುದು ದುಡ್ಡಿನ ಪ್ರದರ್ಶನ. ಮೇಲೆ ಹಣ್ಣಿನ ಹೋಳು ಬೇಕಿದ್ದರೆ ಬಡಿಸುವಾಗ ಹಾಕಿ, ಮೊದಲೇ ಕಲಸಿಟ್ಟರೆ ಹೋಳು ನೀರು ಬಿಡುತ್ತದೆ.

ಬಡಿಸುವ ಮುಂಚೆ ನಾಲ್ಕೈದು ತಾಸು ಫ್ರಿಜ್ಜಿನಲ್ಲಿ ಕೂತರೆ ರುಚಿ ಒಂದಾಗುತ್ತದೆ. ಮೂರು ದಿನ ಧಾರಾಳವಾಗಿ ಇರುತ್ತದೆ, ಒದ್ದೆ ಚಮಚ ಹಾಕಬೇಡಿ. ಮರುದಿನ ಅಂಚಿನಲ್ಲಿ ತೆಳ್ಳಗೆ ನೀರು ಕಂಡರೆ ಕಲಸಬೇಡಿ, ಬಾಗಿಸಿ ಬಸಿಯಿರಿ. ಮತ್ತೆ, ಡಬ್ಬಿಗೆ ಬಿಗಿ ಮುಚ್ಚಳ ಇರಲಿ. ಅದೇ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ ಚಟ್ನಿ ತೆರೆದಿಟ್ಟು, "ಕಾಕು, ಆಮ್ರಖಂಡ ಒಂಥರಾ ಆಗೇತಿ" ಅಂತ ನನಗೆ ಫೋನ್ ಮಾಡಬೇಡಿ.