ಕರೆಂಟ್ ಬಿಲ್ಲಿನೊಳಗಿನ ತೆರಿಗೆ: ನನ್ನ ಅನುಭವ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ದೊಡ್ಡ ಕಂಪನಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನಮಗೆ ಬರಬೇಕಿದ್ದ ಆರ್ಡರ್ ವಿಯೆಟ್ನಾಂ ಪಾಲಾಯಿತು. ನಮ್ಮ ಎಂಡಿ ಕರೆದು ಕೇಳಿದರು: "ಅಲ್ಲಿ ಕಂಪನಿ ತೆರಿಗೆ ನೂರಕ್ಕೆ 20, ನಮ್ಮದು 25. ಸೋತಿದ್ದು ಇದರಿಂದಲೇನಾ? ಲೆಕ್ಕ ಮಾಡಿ ಕೊಡ್ರಿ."

ವರ್ಷದ ಲೆಡ್ಜರ್ ಪೂರ್ತಿ ತೆಗೆದೆ. ಸರ್ಕಾರಕ್ಕೆ ಹೋದ ದುಡ್ಡನ್ನೆಲ್ಲ ಎರಡು ಕಾಲಂ ಮಾಡಿ ಬರೆದೆ. ಲಾಭ ಬಂದರೆ ಮಾತ್ರ ಕಟ್ಟುವುದು ಒಂದು ಕಡೆ. ನಷ್ಟವಾದರೂ ಕಟ್ಟಲೇಬೇಕಾದದ್ದು ಇನ್ನೊಂದು ಕಡೆ.

ಮೊದಲನೆಯದು ಬೇಗ ಮುಗಿಯಿತು. ಹಳೇ ದರದಲ್ಲಿ ಸರ್ಚಾರ್ಜ್, ಸೆಸ್ ಸೇರಿ ನೂರು ರೂಪಾಯಿ ಲಾಭಕ್ಕೆ 34.94 ಕಟ್ಟುತ್ತಿದ್ದೆವು. 2019ರಲ್ಲಿ ಬಂದ ಹೊಸ ದರದಲ್ಲಿ ಅದು 25.17. ನಾವು ತಕ್ಷಣ ಬದಲಾಯಿಸಲಿಲ್ಲ. ಹಳೇ ಮ್ಯಾಟ್ ಕ್ರೆಡಿಟ್, ಅಂದರೆ ಹಿಂದೆ ಕನಿಷ್ಠ ತೆರಿಗೆ ಎಂದು ಹೆಚ್ಚಿಗೆ ಕಟ್ಟಿ ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ದುಡ್ಡು, ಉಳಿದಿತ್ತು. ಹೊಸ ದರಕ್ಕೆ ಹೋದರೆ ಅದು ಕೈಬಿಟ್ಟುಹೋಗುತ್ತಿತ್ತು. ಒಮ್ಮೆ ಹೋದರೆ ವಾಪಸ್ ಬರುವ ಹಾಗೂ ಇಲ್ಲ. ಕ್ರೆಡಿಟ್ ತೀರಿಸಿಕೊಂಡೇ ಹೋದೆವು.

ಎರಡನೇ ಕಾಲಂ ನನ್ನ ನಿದ್ದೆ ಕೆಡಿಸಿತು. ಕರೆಂಟ್ ಬಿಲ್ಲಿನಲ್ಲಿ ಒಂದು ಸಣ್ಣ ಸಾಲು ಇರುತ್ತದೆ: ತೆರಿಗೆ, ನೂರಕ್ಕೆ 9. ನಮ್ಮ ಫರ್ನೇಸ್ (ಕುಲುಮೆ) ಕರೆಂಟಿನಲ್ಲೇ ಹಗಲು ರಾತ್ರಿ ಉರಿಯುತ್ತದೆ. ಹನ್ನೆರಡು ತಿಂಗಳ ಆ ಸಾಲನ್ನು ಕೂಡಿ, ನಂಬಿಕೆ ಬಾರದೆ ಮತ್ತೆ ಕೂಡಿದೆ. ಜನರೇಟರ್‌ಗೆ ಹಾಕುವ ಡೀಸೆಲ್‌ನಲ್ಲಿ ಕೇಂದ್ರದ್ದೂ ರಾಜ್ಯದ್ದೂ ತೆರಿಗೆ ಇದೆ. ಉಕ್ಕು ತಂದರೆ ನೂರಕ್ಕೆ 18ರ ಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ನಾವು ಮಾಲು ಮಾರುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕರೆಂಟು, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗಿವೆ, ಅಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ.

ಲಾಭದ ಮೇಲಿನ ತೆರಿಗೆ ಮಾಲು ಮಾರಿ ಲಾಭ ಬಂದ ನಂತರದ ಮಾತು. ಎರಡನೇ ಕಾಲಂನ ತೆರಿಗೆ ಹಾಗಲ್ಲ, ಒಂದೊಂದು ಪೀಸಿನ ಬೆಲೆಯೊಳಗೇ ಕೂತಿರುತ್ತದೆ. ರಫ್ತು ಮಾಡಿದರೆ 2021ರಿಂದ ರೋಡ್‌ಟೆಪ್ ಸ್ಕೀಮಿನಲ್ಲಿ (ರಫ್ತು ಮಾಲಿನೊಳಗೆ ಕೂತ ತೆರಿಗೆ ಮರಳಿಸುವ ಕೇಂದ್ರದ ಯೋಜನೆ) ಸ್ವಲ್ಪ ವಾಪಸ್ ಬರುತ್ತದೆ. ಅದೇ ಪೀಸನ್ನು ಪುಣೆಗೆ ಕಳಿಸಿ ಆಮದು ಮಾಲಿನ ಜೊತೆ ಪೈಪೋಟಿಗೆ ಇಳಿದರೆ ಅದೂ ಇಲ್ಲ. ನಮ್ಮ ಊರಲ್ಲೇ ಮಾಡಿದ ಮಾಲಿಗೆ ಹೀಗಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? 25ನ್ನು ಇನ್ನೂ ಇಳಿಸಿ ಎಂದು ಕೇಳುವುದಕ್ಕಿಂತ ಮೊದಲು ಕರೆಂಟನ್ನು ಜಿಎಸ್‌ಟಿಗೆ ತನ್ನಿ ಎಂದು ನಾವು ಕೇಳಬೇಕು. ರಾಜ್ಯಗಳು ಆ ಆದಾಯ ಸುಮ್ನೆ ಬಿಟ್ಟುಕೊಡುವುದಿಲ್ಲ, ಗೊತ್ತು. ಆದರೂ ಕೇಳಬೇಕು.

ಹಾಳೆ ನೋಡಿದ ಎಂಡಿ ವಿಯೆಟ್ನಾಂ ಮಾತೇ ಎತ್ತಲಿಲ್ಲ. "ಫರ್ನೇಸ್ ಯಾವ ವರ್ಷದ್ದು?" ಎಂದರು. ಹಳೆಯದಾದಷ್ಟೂ ಕರೆಂಟ್ ಹೆಚ್ಚು ತಿನ್ನುತ್ತದೆ ಎಂಬ ಲೆಕ್ಕ ಅವರದು. ಈಗ ಪೀಸಿನ ಖರ್ಚಿನ ಲೆಕ್ಕ ಬರೆಯುವ ಪ್ರತಿ ಹಾಳೆಯಲ್ಲೂ ಎರಡನೇ ಕಾಲಂ ಪೀಸಿಗೆ ಎಷ್ಟು ಬೀಳುತ್ತದೆ ಎಂದು ಬೇರೆ ಸಾಲಿನಲ್ಲಿ ಬರೆಯುತ್ತೇನೆ.