ರೆಟ್ರೋಪೈ ಯಂತ್ರಕ್ಕೆ ಕಂಟ್ರೋಲರ್ ಹೊಂದಿಸುವ ಬಗೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ರೆಟ್ರೋಪೈ ಎಂಬ ತಂತ್ರಾಂಶ ಹಾಕಿ ಹಳೆಯ ಟಿವಿ ಗೇಮ್‌ಗಳ ಯಂತ್ರವನ್ನು ಮನೆಯಲ್ಲೇ ಕಟ್ಟುವವರಿಗೆ ಬೋರ್ಡು, ಮೆಮೊರಿ ಕಾರ್ಡು, ಡಬ್ಬ ಎಲ್ಲವೂ ಒಂದು ಸಂಜೆಯಲ್ಲಿ ಸಿದ್ಧವಾಗುತ್ತವೆ. ಕಂಟ್ರೋಲರ್ ಹೊಂದಿಸುವ ಕೆಲಸ ಮಾತ್ರ ಹಲವು ದಿನ ಎಳೆಯುವುದುಂಟು. ನಾವು ಒತ್ತುವ ಒಂದೊಂದು ಗುಂಡಿಯೂ ಆಟವನ್ನು ತಲುಪುವ ಮೊದಲು ಮೂರು ಹಂತಗಳನ್ನು ದಾಟಬೇಕಾಗಿರುವುದೇ ಇದಕ್ಕೆ ಕಾರಣ. ಮೊದಲು ಬೋರ್ಡನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಆ ಕಂಟ್ರೋಲರನ್ನು ಗುರುತಿಸಬೇಕು. ಬಳಿಕ ಆಟಗಳ ಪಟ್ಟಿಯನ್ನು ತೋರಿಸುವ ಎಮ್ಯುಲೇಶನ್‌ಸ್ಟೇಶನ್ ಅದರ ಗುಂಡಿಗಳಿಗೆ ಹೆಸರಿಡಬೇಕು. ಕೊನೆಗೆ ಆಟವನ್ನು ನಡೆಸುವ ರೆಟ್ರೋಆರ್ಚ್ ಆ ಹೆಸರುಗಳನ್ನು ಹಳೆಯ ಯಂತ್ರದ ಗುಂಡಿಗಳಿಗೆ ಹೊಂದಿಸಬೇಕು. ತೊಂದರೆ ಯಾವ ಹಂತದಲ್ಲಿದೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ.

ಬ್ಲೂಟೂತ್ ಪ್ಯಾಡ್ ಇದ್ದರೂ ಮೊದಲ ಸಲ ಯುಎಸ್‌ಬಿ ತಂತಿಯ ಪ್ಯಾಡ್ ಒಂದರಿಂದಲೇ ಆರಂಭಿಸುವುದು ಒಳ್ಳೆಯದು. ಒಂದು ಯುಎಸ್‌ಬಿ ಕೀಬೋರ್ಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಪ್ಯಾಡ್ ಕೈಕೊಟ್ಟಾಗ ಎಫ್4 ಕೀಲಿ ಒತ್ತಿ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ಗೆ ಹೋಗಲು ಅದು ಬೇಕಾಗುತ್ತದೆ. ವಿದ್ಯುತ್ ಪೂರೈಕೆಯನ್ನೂ ಇಲ್ಲೇ ಪರೀಕ್ಷಿಸಿ. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್, ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಇರಬೇಕು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿದರೆ ವೋಲ್ಟೇಜ್ ಸಾಲದೆ ಹೋಗಿದೆ ಎಂದರ್ಥ. ಮೊಬೈಲಿನ ಹಳೆಯ ಚಾರ್ಜರ್ ಬಳಸಿ, ಆಟದ ನಡುವೆ ಪ್ಯಾಡ್ ಕಡಿದುಹೋದಾಗಲೆಲ್ಲ ಪ್ಯಾಡನ್ನೇ ದೂರಿ ನಾನು ಒಂದು ವಾರ ಕಳೆದಿದ್ದೇನೆ.

ಯಂತ್ರ ಮೊದಲ ಸಲ ಶುರುವಾದಾಗ ಎಷ್ಟು ಗೇಮ್‌ಪ್ಯಾಡ್‌ಗಳು ಪತ್ತೆಯಾಗಿವೆ ಎಂದು ಎಮ್ಯುಲೇಶನ್‌ಸ್ಟೇಶನ್ ತಿಳಿಸಿ, ಹೊಂದಿಸಬೇಕಾದ ಪ್ಯಾಡಿನ ಯಾವುದಾದರೂ ಗುಂಡಿಯನ್ನು ಒತ್ತಿ ಹಿಡಿಯುವಂತೆ ಕೇಳುತ್ತದೆ. ಆಮೇಲೆ ಮೇಲೆ, ಕೆಳಗೆ, ಎಡ, ಬಲ, ಸ್ಟಾರ್ಟ್, ಸೆಲೆಕ್ಟ್, ಎ, ಬಿ, ಎಕ್ಸ್, ವೈ ಎಂದು ಒಂದೊಂದಾಗಿ ಹೆಸರುಗಳು ಬರುತ್ತವೆ. ಬಹುಪಾಲು ಜನ ತಪ್ಪುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನಿಸಿ. ಈ ಹೆಸರುಗಳು ನಿಂಟೆಂಡೊ ಕಂಪನಿ 1990ರಲ್ಲಿ ಜಪಾನಿನಲ್ಲಿ ಹೊರತಂದ ಸೂಪರ್ ಫ್ಯಾಮಿಕಾಮ್ ಪ್ಯಾಡಿನ ವಿನ್ಯಾಸವನ್ನು ಅನುಸರಿಸುತ್ತವೆ. ಅದರಲ್ಲಿ ಎ ಬಲಕ್ಕೆ, ಬಿ ಕೆಳಗೆ, ಎಕ್ಸ್ ಮೇಲೆ, ವೈ ಎಡಕ್ಕೆ ಇದೆ. ಎಕ್ಸ್‌ಬಾಕ್ಸ್ ಪ್ಯಾಡಿನಲ್ಲಿ ಎ ಕೆಳಗೆ, ಬಿ ಬಲಕ್ಕೆ ಇರುತ್ತದೆ. ಪ್ಲೇಸ್ಟೇಶನ್ ಪ್ಯಾಡಿನಲ್ಲಿ ಅಕ್ಷರಗಳೇ ಇರುವುದಿಲ್ಲ. ಹಾಗಾಗಿ ಗುಂಡಿಯ ಮೇಲೆ ಅಚ್ಚಾದ ಅಕ್ಷರವನ್ನು ಮರೆತು ಜಾಗವನ್ನಷ್ಟೇ ನೋಡಿ: ಎ ಎಂದು ಕೇಳಿದಾಗ ಬಲಗಡೆಯ ಗುಂಡಿ, ಬಿ ಎಂದು ಕೇಳಿದಾಗ ಕೆಳಗಿನ ಗುಂಡಿ. ಈ ಒಂದು ನಿಯಮವನ್ನು ಪಾಲಿಸಿದರೆ ಮುಂದೆ ಪ್ರತಿ ಆಟದಲ್ಲೂ ನೆಗೆತ ಮತ್ತು ಹೊಡೆತದ ಗುಂಡಿಗಳು ಮೂಲ ಪ್ಯಾಡಿನಲ್ಲಿದ್ದ ಜಾಗದಲ್ಲೇ ಬೆರಳಿಗೆ ಸಿಗುತ್ತವೆ.

ನಿಮ್ಮ ಪ್ಯಾಡಿನಲ್ಲಿ ಇಲ್ಲದ ಗುಂಡಿಯನ್ನೋ ಅನಲಾಗ್ ಕಡ್ಡಿಯನ್ನೋ ಕೇಳಿದರೆ, ಇರುವ ಯಾವುದಾದರೂ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆ ಸಾಲು ಖಾಲಿಯಾಗಿ ಉಳಿದು ಮುಂದಿನದು ಬರುತ್ತದೆ. ಕೊನೆಯಲ್ಲಿ ಕೇಳುವ ಹಾಟ್‌ಕೀಗೆ, ಅಂದರೆ ಬೇರೆ ಗುಂಡಿಗಳ ಜೊತೆ ಹಿಡಿದು ವಿಶೇಷ ಆದೇಶ ಕೊಡುವ ಗುಂಡಿಗೆ, ಸೆಲೆಕ್ಟ್ ಗುಂಡಿಯನ್ನೇ ಕೊಡಿ. ಸೆಲೆಕ್ಟ್ ಹಿಡಿದು ಸ್ಟಾರ್ಟ್ ಒತ್ತಿದರೆ ಆಟದಿಂದ ಹೊರಬರಬಹುದು, ಬಲ ಭುಜದ ಗುಂಡಿಯಿಂದ ಆಟದ ಸ್ಥಿತಿ ಉಳಿಯುತ್ತದೆ, ಎಡ ಭುಜದ ಗುಂಡಿಯಿಂದ ಉಳಿಸಿದ್ದು ಮರಳುತ್ತದೆ, ಎಕ್ಸ್‌ನಿಂದ ರೆಟ್ರೋಆರ್ಚ್ ಮೆನು ತೆರೆಯುತ್ತದೆ. ಆಟದಲ್ಲಿ ಆಗಾಗ ಬಳಸುವ ಗುಂಡಿಯನ್ನು ಹಾಟ್‌ಕೀ ಮಾಡಿದವರು ಆಟದ ನಡುವೆಯೇ ಹೊರಬಿದ್ದು ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ, ನೀವು ಎ ಎಂದು ಹೆಸರಿಟ್ಟ ಗುಂಡಿಯನ್ನು ಒತ್ತಿ ಒಪ್ಪಿಗೆ ಕೊಡಿ. ತಪ್ಪಾಗಿದ್ದರೆ ಸ್ಟಾರ್ಟ್ ಒತ್ತಿ, ಮೆನುವಿನಲ್ಲಿರುವ ಕಾನ್ಫಿಗರ್ ಇನ್‌ಪುಟ್ ಆಯ್ಕೆಯಿಂದ ಮತ್ತೆ ಆರಂಭಿಸಬಹುದು.

ಈ ಹೊಂದಾಣಿಕೆಯನ್ನು ರೆಟ್ರೋಪೈ ತಾನಾಗಿಯೇ ರೆಟ್ರೋಆರ್ಚ್‌ಗೂ ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತಕ್ಕೆ ಪ್ಯಾಡ್ ತನ್ನ ಬಗ್ಗೆ ಹೇಳಿಕೊಳ್ಳುವ ಹೆಸರೇ ಇರುವುದರಿಂದ, ಒಂದೇ ಮಾದರಿಯ ಎರಡು ಪ್ಯಾಡ್‌ಗಳಿದ್ದರೆ ಒಂದನ್ನು ಹೊಂದಿಸಿದರೆ ಸಾಕು. ಆದರೆ ಅಗ್ಗದ ಎರಡು ಬೇರೆ ಬೇರೆ ಪ್ಯಾಡ್‌ಗಳು ಒಂದೇ ಹೆಸರು ಹೇಳಿಕೊಂಡರೆ ಎರಡನೆಯದರ ಹೊಂದಾಣಿಕೆ ಮೊದಲನೆಯದನ್ನು ಅಳಿಸಿಹಾಕುತ್ತದೆ. ಆಗ ಎರಡರಲ್ಲಿ ಒಂದನ್ನು ಬದಲಿಸುವುದೇ ನೆಮ್ಮದಿಯ ದಾರಿ. ಹಳೆಯ ಯಂತ್ರವನ್ನು ಅನುಕರಿಸಿ ಆಟ ನಡೆಸುವ ತಂತ್ರಾಂಶವೇ ಎಮ್ಯುಲೇಟರ್. ಪಿಪಿಎಸ್‌ಎಸ್‌ಪಿಪಿಯಂತೆ ರೆಟ್ರೋಆರ್ಚ್‌ನ ಹೊರಗೆ ನಡೆಯುವ ಎಮ್ಯುಲೇಟರ್‌ಗಳಿಗೆ ತಮ್ಮದೇ ಮೆನು ಇರುತ್ತದೆ. ಗುಂಡಿ ಸರಿಹೋಗದಿದ್ದರೆ ಅಲ್ಲೇ ಹೊಂದಿಸಬೇಕು.

ಹಳೆಯ ಯಂತ್ರಗಳೆಲ್ಲವೂ ನಾಲ್ಕು ಗುಂಡಿಗಳವಲ್ಲ. ಸೆಗಾ ಮೆಗಾ ಡ್ರೈವ್ ಪ್ಯಾಡಿನಲ್ಲಿ ಎ, ಬಿ, ಸಿ ಗುಂಡಿಗಳು ಸಾಲಾಗಿದ್ದವು. ಆ ಯಂತ್ರವನ್ನು ಅನುಕರಿಸುವ, ರೆಟ್ರೋಆರ್ಚ್‌ನೊಳಗಿನ ಜೆನೆಸಿಸ್ ಪ್ಲಸ್ ಜಿಎಕ್ಸ್ ಕೋರ್ (ಎಮ್ಯುಲೇಟರ್) ಅವನ್ನು ಕ್ರಮವಾಗಿ ವೈ, ಬಿ, ಎ ಗುಂಡಿಗಳಿಗೆ ಕೊಡುತ್ತದೆ. ಇದು ಒಗ್ಗದಿದ್ದರೆ ಆಟದ ನಡುವೆ ಸೆಲೆಕ್ಟ್ ಮತ್ತು ಎಕ್ಸ್ ಒತ್ತಿ, ಕಂಟ್ರೋಲ್ಸ್ ವಿಭಾಗದಲ್ಲಿ ಬದಲಾಯಿಸಿ, ಆ ಕೋರ್‌ಗೆ ಮಾತ್ರ ಅಥವಾ ಆ ಒಂದು ಆಟಕ್ಕೆ ಮಾತ್ರ ರೀಮ್ಯಾಪ್ (ಗುಂಡಿಗಳ ಮರುಹೊಂದಾಣಿಕೆ) ಕಡತವಾಗಿ ಉಳಿಸಿ. ಒಂದು ಆಟಕ್ಕಾಗಿ ಎಮ್ಯುಲೇಶನ್‌ಸ್ಟೇಶನ್‌ನ ಮೂಲ ಹೊಂದಾಣಿಕೆಯನ್ನು ಕೆಡಿಸಬೇಡಿ. ಹಾಗೆ ಮಾಡಿದರೆ ಉಳಿದ ಎಲ್ಲ ಯಂತ್ರಗಳ ಗುಂಡಿಗಳೂ ಅದಲುಬದಲಾಗುತ್ತವೆ.

ಇಬ್ಬರು ಆಡುವಾಗ ಮೊದಲ ಆಟಗಾರನ ಪಾತ್ರ ಎರಡನೆಯ ಪ್ಯಾಡಿಗೆ ಹೋಗಿಬಿಡುವುದು ಸಾಮಾನ್ಯ. ಲಿನಕ್ಸ್ ಪ್ಯಾಡ್‌ಗಳನ್ನು ಕಂಡ ಕ್ರಮದಲ್ಲಿ ಸೊನ್ನೆಯಿಂದ ಎಣಿಸುತ್ತದೆ. ಯಾವ ಪ್ಯಾಡ್ ಎಷ್ಟನೆಯದು ಎಂದು ಟರ್ಮಿನಲ್‌ನಲ್ಲಿ ಜೆಎಸ್‌ಟೆಸ್ಟ್ ಉಪಕರಣದಿಂದ ನೋಡಿ, ರೆಟ್ರೋಆರ್ಚ್‌ನ ಸಾಮಾನ್ಯ ಕಾನ್ಫಿಗ್ ಕಡತದಲ್ಲಿ ಒಂದನೆಯ ಆಟಗಾರನ ಜಾಯ್‌ಪ್ಯಾಡ್ ಇಂಡೆಕ್ಸ್‌ಗೆ ಆ ಸಂಖ್ಯೆಯನ್ನು ಬರೆಯಿರಿ. ಯಾವುದೋ ಒಂದು ಯಂತ್ರಕ್ಕೆ ಮಾತ್ರ ಬದಲಿಸಬೇಕಿದ್ದರೆ ಅದರ ಪ್ರತ್ಯೇಕ ಕಡತದಲ್ಲಿ ಇನ್‌ಕ್ಲೂಡ್ ಎಂಬ ಸಾಲಿನ ಮೇಲೆಯೇ ಬರೆಯಬೇಕು. ಅದರ ಕೆಳಗೆ ಬರೆದದ್ದು ಜಾರಿಗೆ ಬರುವುದಿಲ್ಲ.

ಗುಂಡಿ ಒತ್ತಿದರೂ ಪರದೆಯಲ್ಲಿ ಏನೂ ಆಗದಿದ್ದರೆ ಮತ್ತೆ ಮೊದಲ ಹಂತಕ್ಕೆ ಬನ್ನಿ. ಜೆಎಸ್‌ಟೆಸ್ಟ್‌ನಲ್ಲಿ ಸಂಖ್ಯೆಗಳು ಬದಲಾಗುತ್ತಿದ್ದರೆ ಪ್ಯಾಡ್ ಸರಿಯಿದೆ, ದೋಷ ಹೊಂದಾಣಿಕೆಯಲ್ಲಿದೆ. ಬದಲಾಗದಿದ್ದರೆ ತಂತಿ, ಪೋರ್ಟ್ ಅಥವಾ ಪ್ಯಾಡಿನ ಮೋಡ್ ನೋಡಬೇಕು. 8ಬಿಟ್‌ಡೂ ಎಸ್‌ಎನ್30 ಪ್ರೊ ಪ್ಯಾಡನ್ನು ಸ್ಟಾರ್ಟ್ ಜೊತೆ ಬಿ ಒತ್ತಿ ಚಾಲೂ ಮಾಡಿದರೆ ಒಂದು ಬಗೆಯ ಸಾಧನವಾಗಿ, ಸ್ಟಾರ್ಟ್ ಜೊತೆ ಎಕ್ಸ್ ಒತ್ತಿದರೆ ಇನ್ನೊಂದಾಗಿ ಕಾಣಿಸಿಕೊಳ್ಳುತ್ತದೆ. ಹೊಂದಿಸುವಾಗ ಬಳಸಿದ ಮೋಡ್‌ನಲ್ಲೇ ಪ್ರತಿ ಸಲವೂ ಚಾಲೂ ಮಾಡದಿದ್ದರೆ ಯಂತ್ರಕ್ಕೆ ಅದು ಹೊಸ ಪ್ಯಾಡ್.

ತಂತಿಯಲ್ಲಿ ಎಲ್ಲವೂ ಸರಿಯಾದ ಮೇಲೆ ರೆಟ್ರೋಪೈ ಮೆನುವಿನ ಬ್ಲೂಟೂತ್ ವಿಭಾಗಕ್ಕೆ ಹೋಗಿ ನಿಸ್ತಂತು ಪ್ಯಾಡನ್ನು ಜೋಡಿಸಿ. ಡ್ಯುಯಲ್‌ಶಾಕ್ 4 ಆದರೆ ಶೇರ್ ಮತ್ತು ಪಿಎಸ್ ಗುಂಡಿಗಳನ್ನು ಒಟ್ಟಿಗೆ, ದೀಪ ಬೇಗಬೇಗ ಮಿನುಗುವವರೆಗೆ ಹಿಡಿಯಬೇಕು. ಜೋಡಣೆಯಾದ ಬಳಿಕ ಗುಂಡಿಗಳನ್ನು ಮತ್ತೊಮ್ಮೆ ಹೊಂದಿಸುವಂತೆ ಯಂತ್ರ ಕೇಳಿದರೆ, ಮೊದಲಿನಂತೆಯೇ ಜಾಗ ನೋಡಿ ಹೊಂದಿಸಿ.