ರೇಷ್ಮೆ ನೂಲಿನ ಉಬ್ಬು ಹೆಣಿಗೆ: ತೊಳೆದ ಮೇಲೆ ಉಳಿದದ್ದೇ ಲೆಕ್ಕ

ಮೈಸೂರಿನಲ್ಲಿ ರೇಷ್ಮೆ ನೂಲಿಗೇನು ಬರ ಎನ್ನುವವರು ಸೀರೆ ನೂಲನ್ನು ಒಮ್ಮೆ ಕಡ್ಡಿಗೆ ಏರಿಸಿ ನೋಡಬೇಕು. ಹಸಿ ರೇಷ್ಮೆ ಸಾಮಾನ್ಯವಾಗಿ 20/22 ಡೆನಿಯರ್. 9,000 ಮೀಟರ್ ಎಳೆ ತೂಗುವುದು ಇಪ್ಪತ್ತು ಇಪ್ಪತ್ತೆರಡು ಗ್ರಾಂ. 100 ಗ್ರಾಮಿಗೆ 400 ಮೀಟರ್ ಬರುವ ಹೆಣಿಗೆ ನೂಲಿನ ದಪ್ಪಕ್ಕೆ ಅಂಥ ನೂರು ಎಳೆ ಸೇರಬೇಕು. ಅದರ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅಂಟೇ. ಅಂಟಿನ ಬಿಗುವಿನಿಂದ ನಿಂತ ವಿನ್ಯಾಸದ ಉಬ್ಬನ್ನು ನಂಬುವಂತಿಲ್ಲ, ಅಂಟು ಹೋದರೆ ಅದೂ ಹೋಗುತ್ತದೆ. ಅಂಟು ತೆಗೆದು, ಹುರಿ ಹಾಕಿ, ಹೆಣಿಗೆಗೆಂದೇ ಮಾರುವ ಮಲ್ಬರಿ ನೂಲನ್ನೇ ನಾನು ಕೊಳ್ಳುವುದು.

ಕಡ್ಡಿ ಬಿದಿರಿನದು, 2.75 ಮಿ.ಮೀ. ಸ್ಟೀಲ್ ಕಡ್ಡಿಯಿಂದ ಕುಣಿಕೆ ತಾನಾಗಿ ಜಾರುತ್ತದೆ. ಒರಟು ಬೆರಳಿಗೆ ಎಳೆ ಸಿಕ್ಕಿಕೊಳ್ಳುವುದರಿಂದ ಸಕ್ಕರೆ, ಕೊಬ್ಬರಿ ಎಣ್ಣೆ ಹಾಕಿ ಕೈ ಉಜ್ಜಿ, ಜಿಡ್ಡು ಪೂರ್ತಿ ಹೋಗುವಂತೆ ಸೋಪಿನಲ್ಲಿ ತೊಳೆಯುತ್ತೇನೆ.

ಉಡುಪಿಗೆ ಕೈ ಹಾಕುವ ಮುಂಚೆ ಪರೀಕ್ಷೆಗೆಂದು ಸಣ್ಣ ಮಾದರಿ ತುಂಡು ಹೆಣೆಯಬೇಕು. ಮೊದಲ ಮಾದರಿ ಮಾಸ್ ಸ್ಟಿಚ್. 45 ಕುಣಿಕೆ, ಒಂದು ನಿಟ್ (ನಯವಾಗಿ ಕಾಣುವ ಸರಳ ಕುಣಿಕೆ), ಒಂದು ಪರ್ಲ್ (ಅದರ ಹಿಂಬದಿ, ಗಂಟಿನಂತೆ ಕಾಣುವುದು); ಬೆಸಸಂಖ್ಯೆ ಆದ್ದರಿಂದ ಪ್ರತಿ ಸಾಲೂ ನಿಟ್‌ನಿಂದಲೇ ಶುರು. ರೇಷ್ಮೆಯಲ್ಲಿ ಇದಕ್ಕಿಂತ ನಂಬಿಕಸ್ಥ ವಿನ್ಯಾಸ ನಾನು ಕಂಡಿಲ್ಲ. ನಿಟ್, ಪರ್ಲ್ ಚೌಕಗಳು ಅದಲುಬದಲಾಗುವ ಬುಟ್ಟಿ ಹೆಣಿಗೆಗೆ 48 ಕುಣಿಕೆ: ಎರಡೂ ಅಂಚಿಗೆ ನಾಲ್ಕು ನಾಲ್ಕು, ನಡುವೆ ನಾಲ್ಕು ನಿಟ್, ನಾಲ್ಕು ಪರ್ಲ್. ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚಾದ್ದರಿಂದ ನಾಲ್ಕು ಸಾಲಿಗೆ ಅದಲುಬದಲು ಮಾಡಿದರೆ ಚೌಕ ಕುಳ್ಳಾಗುತ್ತದೆ. ಆರು ಸಾಲಿಗೆ ಬದಲಿಸಿದರೆ ಸರಿ.

ತಲೆನೋವು ಕೇಬಲ್, ಅಂದರೆ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವ ಜಡೆ. ಉಲ್ಲನ್ನು ಎಳೆದು ಬಿಟ್ಟರೆ ಹಿಂದಕ್ಕೆ ಬಂದು ಸಂದು ಮುಚ್ಚುತ್ತದೆ. ರೇಷ್ಮೆಗೆ ಆ ಗುಣವಿಲ್ಲ, ಎಳೆದಷ್ಟಕ್ಕೇ ನಿಲ್ಲುತ್ತದೆ. ನಿಟ್‌ನಿಂದ ಪರ್ಲ್‌ಗೆ ಹೋಗುವಾಗ ನೂಲು ಹೆಚ್ಚು ಬೇಕಾಗುತ್ತದೆ, ಆ ಹೆಚ್ಚುವರಿಯೆಲ್ಲ ಕೇಬಲ್‌ನ ಪಕ್ಕದಲ್ಲಿ ಏಣಿಯಂತೆ ಕಾಣುತ್ತದೆ. ಕೇಬಲ್ ಮುಗಿದ ಮೇಲಿನ ಮೊದಲ ಪರ್ಲ್‌ಗೆ ನೂಲನ್ನು ಕಡ್ಡಿಯ ಮೇಲೆ ಉಲ್ಟಾ ಸುತ್ತಿ. ಅಷ್ಟು ನೂಲು ಉಳಿಯುತ್ತದೆ. ಹಿಂದಿರುಗುವ ಸಾಲಿನಲ್ಲಿ ಆ ಕುಣಿಕೆಯನ್ನು ಹಿಂಗಾಲಿನಿಂದ (ಕಡ್ಡಿಯ ಹಿಂದಿರುವ ಎಳೆಯಿಂದ) ಹೆಣೆಯಬೇಕು, ಮರೆತರೆ ತಿರುಚಿಕೊಳ್ಳುತ್ತದೆ. ನಾಲ್ಕು ಕುಣಿಕೆಯ ಕೇಬಲನ್ನು ಆರು ಸಾಲಿಗೊಮ್ಮೆ ಅಲ್ಲ, ನಾಲ್ಕು ಸಾಲಿಗೊಮ್ಮೆ ದಾಟಿಸಿದರೆ ಉಬ್ಬು ನಿಲ್ಲುತ್ತದೆ. ಬಾಬಲ್‌ಗೆ (ಗುಂಡಿಯಂಥ ಉಬ್ಬು) ಮೂರು ಕುಣಿಕೆ ಸಾಕು. ಐದಾದರೆ ಭಾರಕ್ಕೆ ಜೋತುಬೀಳುತ್ತದೆ. ನನ್ನನ್ನು ಕೇಳಿದರೆ ರೇಷ್ಮೆಗೆ ಬಾಬಲ್ಲೇ ಬೇಡ.

ಮಾದರಿಯನ್ನು ಕಡ್ಡಿಯಿಂದ ಇಳಿಸಿದ ಕೂಡಲೇ ಒಂದು ಅಳತೆ ಬರೆದಿಟ್ಟುಕೊಳ್ಳಿ. ತೊಳೆಯಲು ಅಂಟುವಾಳದ ನೀರು. ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಗಳ ಕಡೆ ಕೇಳಿದರೆ ಕಾಯಿ ಸಿಗುತ್ತದೆ. ಪ್ರೋಟೀನ್ ಕಲೆ ತೆಗೆಯುವ ಎನ್‌ಜೈಮ್ ಇರುವ ಡಿಟರ್ಜೆಂಟ್ ಬೇಡವೇ ಬೇಡ, ರೇಷ್ಮೆಯೂ ಪ್ರೋಟೀನೇ. ಗಡಸು ಬೋರ್‌ವೆಲ್ ನೀರಾದರೆ ಸೋಪು ಬಿಳಿ ಪದರವಾಗಿ ಕೂರುತ್ತದೆ. ಸೋಪೇ ಬಳಸಿದ್ದರೆ ಕೊನೆಯ ಜಾಲಾಟಕ್ಕೆ ಒಂದು ಚಮಚ ವಿನೆಗರ್ ಹಾಕಿ. ಒದ್ದೆ ರೇಷ್ಮೆಗೆ ಬಲ ಕಡಿಮೆ, ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಬೇಕು. ನೆರಳಲ್ಲಿ ಹಾಸಿ ಒಣಗಿಸಿ, ಆಮೇಲೆ ಕೆಳ ಅಂಚಿಗೆ ನಾಲ್ಕೈದು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ದಿನ ತೂಗುಹಾಕಿ. ಆಗ ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ. ಮೊದಲಿನ ಅಳತೆಗಿಂತ ಉದ್ದ ಬೆಳೆದಿರುತ್ತದೆ. ಉಡುಪಿನ ಲೆಕ್ಕವನ್ನು ಈ ಎರಡನೆಯ ಅಳತೆಯ ಮೇಲೆಯೇ ಹಾಕಿ.